ಮಿಹಿಂತಲೆಯಲ್ಲಿ ಬರೆದ ಅರ್ಜಿ

ಇಂಡಿ

ವಿದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ಓದಿದರೆ ಅವರಿಗೆ ಎಲ್ಲೂ ಹೆದರಿಕೆಯಾದಂತೆ ಕಾಣುವುದಿಲ್ಲ. ನಾನು ಹಾಗೆ ಬರೆಯಲಾರೆ. ಶ್ರೀಲಂಕಾದಲ್ಲಿ ಕಳೆದ ಆರು ದಿನಗಳಲ್ಲಿ ನಾನು ಹೆದರದೆ ಇದ್ದದ್ದು ನಿದ್ದೆಯಲ್ಲಿ ಮಾತ್ರ, ಅದೂ ಪೂರ್ತಿ ಅಲ್ಲ.

ಕಾರಣ ಇದೆ. ನಾಲ್ಕು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರಿಗೆ ನನ್ನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಕೊರಳಿನ ಬುಡದಲ್ಲಿ ಒಂದು ತೂತಿದೆ, ಉಸಿರಾಟ ಅಲ್ಲಿಂದ. ಬಾಯಿ ಊಟಕ್ಕೆ ಮಾತ್ರ. ಅದಕ್ಕೆ ಮೊದಲು ಮೂವತ್ತು ವರ್ಷ ಇಂಡಿಯ ತಹಶೀಲ್ದಾರ ಕಚೇರಿಯ ಎದುರು ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್ ಇಟ್ಟುಕೊಂಡು ಜನರ ಅರ್ಜಿ ಬರೆದುಕೊಟ್ಟವಳು ನಾನು. ಹುಟ್ಟಿದ್ದು ಮೋರಟಗಿಯಲ್ಲಿ, ಟೈಪಿಂಗ್ ಕಲಿತದ್ದು ಸಿಂದಗಿಯಲ್ಲಿ. ಬೆರಳು ಎಷ್ಟು ಓಡುತ್ತಿತ್ತೋ ನಾಲಿಗೆ ಅದಕ್ಕಿಂತ ಮುಂದೆ ಓಡುತ್ತಿತ್ತು. ನನ್ನ ದನಿ ಹೋದ ಸುದ್ದಿ ಕೇಳಿ ಕಚೇರಿಯ ಗುಮಾಸ್ತನೊಬ್ಬ ಇನ್ನು ತಾವು ಬದುಕಿದೆವು ಅಂದನಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಹೇಳಿದ್ದು ಖರೆ.

ಆಪರೇಷನ್ ಆದ ಮೇಲೆ ಮೊಬೈಲಿನ ಗಾಜಿನ ಮೇಲೆ ಒತ್ತಿ ಒತ್ತಿ ಮಾತಾಡಲು ನೋಡಿದೆ. ಹತ್ತು ಬೆರಳಿನವಳಿಗೆ ಒಂದು ಬೆರಳಿನ ಬದುಕು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎದುರಿನವರು ಮಾತು ಬದಲಿಸಿರುತ್ತಿದ್ದರು, ಇಲ್ಲವೇ ಎದ್ದು ಹೋಗಿರುತ್ತಿದ್ದರು. ಆಗ ಬಸವನ ಬಾಗೇವಾಡಿಯ ಮೊಬೈಲ್ ಅಂಗಡಿಯವನೊಬ್ಬ ಮಡಚುವ ಕೀಬೋರ್ಡು ತರಿಸಿಕೊಟ್ಟ. ಮೂರು ಮಡಿಕೆಯದು. ಮಡಚಿದರೆ ಎಲೆಯಡಿಕೆ ಚೀಲದಷ್ಟು, ಬಿಚ್ಚಿದರೆ ಹತ್ತೂ ಬೆರಳು ಆಡುವಷ್ಟು ಅಗಲ. ವೈರಿಲ್ಲ. ಬಿಚ್ಚಿದ ಕೂಡಲೇ ನೀಲಿ ದೀಪ ಮಿಣುಕಿ ಮೊಬೈಲಿಗೆ ಕೂಡಿಕೊಳ್ಳುತ್ತದೆ. ಕೀಲಿಗಳ ಮೇಲೆ ಇಂಗ್ಲಿಷಿನ ಪಕ್ಕ ಕನ್ನಡದ ಅಕ್ಷರಗಳನ್ನೂ ಅಂಟಿಸಿದ್ದೇನೆ. ನಾನು ಹೊಡೆದದ್ದನ್ನು ಮೊಬೈಲಿನೊಳಗಿನ ಹೆಣ್ಣುಮಗಳು ಓದಿ ಹೇಳುತ್ತಾಳೆ. ನನ್ನ ಬೈಗುಳವನ್ನೂ ಆಕೆ ವಾರ್ತೆ ಓದಿದ ಹಾಗೆ ಓದುತ್ತಾಳೆ, ಅದೊಂದು ದುಃಖ. ಉಳಿದಂತೆ ಆಕೆಯೇ ನನ್ನ ದನಿ.

ಕನ್ನಡದ ಅಕ್ಷರಗಳು ಇದರಲ್ಲಿ ಹಳೆಯ ಟೈಪ್‌ರೈಟರಿನಲ್ಲಿದ್ದ ಜಾಗದಲ್ಲಿಲ್ಲ, ಅದನ್ನು ಹೊಸದಾಗಿ ಕಲಿತೆ. ಇಂಗ್ಲಿಷ್ ಮಾತ್ರ ಅಲ್ಲಲ್ಲೇ ಇದೆ. ಆದರೆ ನನ್ನ ಇಂಗ್ಲಿಷ್ ಎಂದರೆ ಅರ್ಜಿಯ ಇಂಗ್ಲಿಷ್. ಸಾವಿರಾರು ಅರ್ಜಿ ಬರೆದಿದ್ದೇನೆ, ಒಂದು ಮಾತನ್ನೂ ಆಡಿಲ್ಲ. ಅರ್ಜಿಗೆ ಒಂದು ಶಿಸ್ತಿದೆ. ಮೊದಲು ಯಾರಿಂದ, ಆಮೇಲೆ ಯಾರಿಗೆ, ಆಮೇಲೆ ವಿಷಯ, ಆಮೇಲೆ ವಿನಮ್ರ ವಿನಂತಿ. ಸಂಕಟ ಯಾವತ್ತೂ ಕೆಳಗೆ ಬರುತ್ತದೆ. ಅಳುತ್ತ ಬಂದ ಹೆಣ್ಣುಮಕ್ಕಳಿಗೆ ನಾನೇ ಎಷ್ಟು ಸಲ ಹೇಳಿಲ್ಲ, ಸಾಹೇಬರು ಮೊದಲು ತಮ್ಮ ಹೆಸರು ಓದಬೇಕವ್ವ, ಆಮೇಲೆ ನಿನ್ನ ಗೋಳು ಅಂತ.

ನಮ್ಮ ಮನೆಯಲ್ಲಿ ಮಾವನವರ ಕಾಲದಿಂದ ಬುದ್ಧನ ಪಟ ಇದೆ. ಅನುರಾಧಪುರದ ಬೋಧಿವೃಕ್ಷ ನೋಡಬೇಕೆಂಬುದು ನಮ್ಮ ಮನೆಯವರ ಹಳೆಯ ಆಸೆ. ಇವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ನಮ್ಮ ಜಿಲ್ಲೆಯಿಂದ ಇಪ್ಪತ್ತು ಜನರ ಗುಂಪೊಂದು ಹೊರಟಿತು, ಅದರ ಹಿರಿಯರು ಕಾಂಬಳೆ ಸರ್ ಎಂಬ ನಿವೃತ್ತ ಮಾಸ್ತರರು. ನಾನು ಬರುವುದಿಲ್ಲ ಎಂದೆ. ಇವರು ಕೇಳಲಿಲ್ಲ. ಹದಿನೈದು ದಿನ ಮೊದಲೇ ನನಗಾಗಿ ತಯಾರಿ ಶುರುವಾಯಿತು. ಕೊರಳಿಗೆ ಒಂದು ಕಾರ್ಡು: ಈಕೆಗೆ ಮಾತು ಬರುವುದಿಲ್ಲ, ಉಸಿರು ಇಲ್ಲಿಂದ, ಇಲ್ಲಿ ನೀರು ಹೋಗಬಾರದು. ಮೊಬೈಲಿನಲ್ಲಿ ನೀರು ಬೇಕು, ದಾರಿ ತಪ್ಪಿದೆ, ನಾನು ಭಾರತದವಳು ಎಂಬ ಸಾಲುಗಳು. ಕೀಬೋರ್ಡು ಇಟ್ಟು ಹೊಡೆಯಲು ಮಕ್ಕಳು ಪರೀಕ್ಷೆಗೆ ಒಯ್ಯುವ ರಟ್ಟಿನ ಪ್ಯಾಡು.

ಇವರ ಬಗ್ಗೆ ಒಂದು ಸಾಲನ್ನೂ ಬರೆದುಕೊಳ್ಳಲಿಲ್ಲ. ಇವರಿಗೆ ಪೆನಿಸಿಲಿನ್ ಆಗುವುದಿಲ್ಲ. ಮುದ್ದೇಬಿಹಾಳದ ಡಿಪೋದಲ್ಲಿದ್ದಾಗ ಕಾಲಿನ ಗಾಯಕ್ಕೆ ಆ ಇಂಜೆಕ್ಷನ್ ಕೊಟ್ಟು, ಮುಖವೆಲ್ಲ ಬಾತು, ಉಸಿರು ಕಟ್ಟಿ, ಉಳಿದದ್ದೇ ಹೆಚ್ಚಾಗಿತ್ತು. ಹೆಸರಿನ ಕೊನೆಗೆ ಸಿಲಿನ್ ಅಂತ ಬಂದರೆ ಯಾವುದನ್ನೂ ಮುಟ್ಟಿಸಬೇಡಿ, ಇನ್ನೊಮ್ಮೆ ಉಳಿಯುವುದಿಲ್ಲ ಎಂದು ಡಾಕ್ಟರರು ನನ್ನ ಎದುರೇ ಹೇಳಿದ್ದರು. ನನಗೆ ಗೊತ್ತಿತ್ತು, ಇವರಿಗೆ ಗೊತ್ತಿತ್ತು. ಆದರೆ ಮನೆಯಲ್ಲಿದ್ದ ಹೆದರಿಕೆಯನ್ನೆಲ್ಲ ಇಬ್ಬರೂ ಸೇರಿ ನನ್ನೊಬ್ಬಳ ಮೇಲೇ ಖರ್ಚು ಮಾಡಿಬಿಟ್ಟಿದ್ದೆವು.

ಕೊಲಂಬೊ ವಿಮಾನ ನಿಲ್ದಾಣ

ಪಾಸ್‌ಪೋರ್ಟ್ ನೋಡುವ ಕಿಟಕಿಗಳಿಗೆ ಒಬ್ಬೊಬ್ಬರೇ ಹೋಗಬೇಕು. ನಮ್ಮನೆಯವರು ಪಕ್ಕದ ಕಿಟಕಿಯಿಂದ ಬೇಗ ಪಾರಾಗಿ ಗೆರೆಯ ಆಚೆ ನಿಂತರು. ಮರಳಿ ಈಚೆ ಬರುವ ಹಾಗಿಲ್ಲ. ನನ್ನ ಕಿಟಕಿಯ ಅಧಿಕಾರಿ ಕಾರ್ಡು ಓದಿ ತಲೆಯಾಡಿಸಿ, ಆದರೂ ಏನೋ ಕೇಳಿದರು. ಎಲ್ಲಿ ಇಳಿದುಕೊಳ್ಳುತ್ತೀರಿ ಎಂದಿರಬೇಕು. ನಾನು ಕೀಬೋರ್ಡು ತೆಗೆದು ಅವರೆದುರಿನ ಕಟ್ಟೆಯ ಮೇಲೆ ಬಿಚ್ಚಿದೆ. ಕಟ್ಟೆ ನಾಲ್ಕು ಬೆರಳಿನಷ್ಟು ಅಗಲ. ಕೀಬೋರ್ಡಿನ ಅರ್ಧ ಗಾಳಿಯಲ್ಲಿ ಜೋತಾಡಿತು, ನೀಲಿ ದೀಪ ಮಿಣುಕಿತು. ವಿಮಾನ ನಿಲ್ದಾಣದಲ್ಲಿ ಮಿಣುಕುವ ವಸ್ತು ತೆಗೆಯಬಾರದು ಎಂಬುದು ತೆಗೆದ ಮೇಲೆ ಹೊಳೆಯಿತು.

ಇನ್ನಿಬ್ಬರು ಅಧಿಕಾರಿಗಳು ಬಂದರು. ಒಬ್ಬರು ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ಕಸಿದುಕೊಂಡರೆ ಆರು ದಿನ ನಾನು ಮೂಕ ಪಶು. ನನ್ನ ಕೊರಳಿನ ತೂತಿನಿಂದ ಉಸಿರು ಸೀಟಿ ಹೊಡೆದಂತೆ ಬರತೊಡಗಿತು, ಹೆದರಿದಾಗ ಹಾಗಾಗುತ್ತದೆ. ಹಿಂದಿನ ಸಾಲಿನವರೆಲ್ಲ ಆ ಸದ್ದನ್ನು ಕೇಳಿ ಎರಡು ಹೆಜ್ಜೆ ದೂರ ಸರಿದರು.

ಎತ್ತಿಕೊಂಡ ಅಧಿಕಾರಿ ಅದನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿ ನಕ್ಕರು. ಆಮೇಲೆ ಎರಡೂ ಕೈಯಿಂದ ಹಿಡಿದು ನನಗೆ ಕೊಟ್ಟರು. ಆ ನಾಡಿನಲ್ಲಿ ಏನು ಕೊಟ್ಟರೂ ಹಾಗೆಯೇ ಕೊಡುತ್ತಾರೆ, ಅಂಗಡಿಯವರು ಒಂದು ಪುಡಿಕೆಯನ್ನೂ ಎರಡು ಕೈಯಲ್ಲಿ. ನಮ್ಮ ಕಚೇರಿಗಳಲ್ಲಿ ಕಾಗದವನ್ನು ಕಿಟಕಿಯಿಂದ ಎಸೆಯುತ್ತಾರೆ, ಅದು ಹಾರಿ ಬಿದ್ದಲ್ಲಿಂದ ನಾವು ಆಯ್ದುಕೊಳ್ಳಬೇಕು. ಆ ಎರಡು ಕೈ ನೋಡಿ ನನಗೆ ಅಳು ಬಂತು. ಅದಕ್ಕೆ ಏನು ಹೇಳಬೇಕೆಂದು ಮೊಬೈಲಿನ ಸಾಲುಗಳಲ್ಲಿ ಬರೆದುಕೊಂಡಿರಲಿಲ್ಲ.

ಅನುರಾಧಪುರ

ಇಲ್ಲಿ ಎಲ್ಲರೂ ಬಿಳಿ ಬಟ್ಟೆ ಉಟ್ಟು, ಬರಿಗಾಲಲ್ಲಿ, ತಾವರೆ ಮೊಗ್ಗು ಹಿಡಿದು ನಡೆಯುತ್ತಾರೆ. ಸಾವಿರ ಜನ ಇದ್ದರೂ ಗದ್ದಲ ಇಲ್ಲ. ನಮ್ಮಲ್ಲಿ ಹತ್ತು ಜನ ಕೂಡಿದರೆ ಹನ್ನೊಂದನೆಯವನು ಮೈಕು ತರುತ್ತಾನೆ. ಬೋಧಿವೃಕ್ಷದ ಮುಂದೆ ಕುಳಿತಾಗ, ನಾಲ್ಕು ವರ್ಷದಲ್ಲಿ ಮೊದಲ ಸಲ, ನಾನು ಮೂಕಿ ಎಂದು ಯಾರಿಗೂ ತಿಳಿಯಲಿಲ್ಲ. ಎಲ್ಲರೂ ನನ್ನ ಹಾಗೇ ಸುಮ್ಮನಿದ್ದರು. ಅರ್ಧ ತಾಸು ಹೆದರಿಕೆ ಮರೆತಿತ್ತು.

ಎದ್ದು ನೋಡಿದರೆ ನಮ್ಮನೆಯವರಿಲ್ಲ. ಎತ್ತ ನೋಡಿದರೂ ಬಿಳಿ ಅಂಗಿ, ನರೆತ ತಲೆ. ಮನೆಯಲ್ಲಿ ನಮ್ಮದೊಂದು ರೂಢಿ ಇದೆ, ನಾನು ಎರಡು ಸಲ ಚಪ್ಪಾಳೆ ತಟ್ಟಿದರೆ ಇವರು ಬರಬೇಕು. ಅಂಥ ಜಾಗದಲ್ಲಿ ಚಪ್ಪಾಳೆ ತಟ್ಟುವುದು ಹೇಗೆ? ಕೀಬೋರ್ಡು ಬಿಚ್ಚಿದರೂ ಮೊಬೈಲಿನ ದನಿ ಹತ್ತು ಮಾರು ದಾಟುವುದಿಲ್ಲ. ಅದು ಎದುರು ನಿಂತವರ ಜೊತೆ ಮಾತಾಡಬಲ್ಲದು, ದೂರ ಹೋದವರನ್ನು ಕೂಗಲಾರದು. ಇದು ಅಲ್ಲಿಯವರೆಗೆ ನನ್ನ ತಲೆಗೇ ಹೋಗಿರಲಿಲ್ಲ. ಇಂಡಿಯಲ್ಲಿ ಇವರು ನನ್ನಿಂದ ದೂರ ಹೋದದ್ದಾದರೂ ಯಾವಾಗ?

ಇವರು ಹೊರಗಿನ ಚಹಾದಂಗಡಿಯಲ್ಲಿದ್ದರು. ಅಲ್ಲಿ ಹಾಲಿಲ್ಲದ ಚಹಾ ಕೊಟ್ಟು ಜೊತೆಗೆ ಒಂದು ಚೂರು ಬೆಲ್ಲ ಕೊಡುತ್ತಾರೆ, ಬೆಲ್ಲ ಕಚ್ಚಿಕೊಂಡು ಚಹಾ ಗುಟುಕರಿಸಬೇಕು. ಇವರು ಬೆಲ್ಲವನ್ನು ಕಪ್ಪಿಗೆ ಹಾಕಿ ಬೆರಳಿನಿಂದ ಕಲಕುತ್ತಿದ್ದರು. ಅಂಗಡಿಯ ಹೆಂಗಸು ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನಾನು ಕೀಬೋರ್ಡು ಬಿಚ್ಚಿ ಇವರಿಗೆ ಮಂಗಳಾರತಿ ಮಾಡಿದೆ, ಮೊಬೈಲಿನವಳು ಅದನ್ನು ಹವಾಮಾನ ವರದಿಯ ಹಾಗೆ ಓದಿದಳು. ಇವರು ಚಹಾ ಮುಗಿಸಿ, ಇನ್ನು ಮುಂದೆ ಕೈಯಳತೆ ಬಿಟ್ಟು ಹೋಗುವುದಿಲ್ಲ ಎಂದು ಮಾತು ಕೊಟ್ಟರು.

ಮಿಹಿಂತಲೆ

ಮಿಹಿಂತಲೆ ಒಂದು ಗುಡ್ಡ. ಕಲ್ಲಿನ ಅಗಲವಾದ ಮೆಟ್ಟಿಲು, ಎರಡೂ ಕಡೆ ದೇವಕಣಗಿಲೆ ಮರಗಳು, ಮೆಟ್ಟಿಲ ಮೇಲೆಲ್ಲ ಉದುರಿದ ಬಿಳಿ ಹೂವು. ಕಾಂಬಳೆ ಸರ್ ಗುಂಪಿನ ಜೊತೆ ಮುಂದೆ ಹೋದರು. ಕೊರಳಿನಿಂದ ಉಸಿರಾಡುವವಳಿಗೆ ಹತ್ತುವುದು ಕಷ್ಟ, ನಾವಿಬ್ಬರು ಹಿಂದೆ ಉಳಿದೆವು. ಅರ್ಧ ದಾರಿಯಲ್ಲಿ ಕೂತು, ಊರಿಂದ ತಂದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಬಿಚ್ಚಿದೆ. ಕೀಬೋರ್ಡು ಅದರ ಪಕ್ಕದಲ್ಲೇ ಇತ್ತು, ಮಡಚಿದ್ದು.

ಕೋತಿ ಎಲ್ಲಿಂದ ಬಂತೋ ಕಾಣಲಿಲ್ಲ. ರೊಟ್ಟಿ ಬಿಟ್ಟು ಕೀಬೋರ್ಡು ಎತ್ತಿಕೊಂಡು ಹತ್ತು ಮೆಟ್ಟಿಲು ಕೆಳಗೆ ಹೋಗಿ ಕುಳಿತು ಕಚ್ಚಿ ನೋಡಿತು. ಇವರು ಎದ್ದರು. ಬೇಡ ಎಂದು ನಾನು ಚಪ್ಪಾಳೆ ತಟ್ಟಿದೆ, ಇವರು ತಿರುಗಲಿಲ್ಲ. ಕೂಗಲು ಬಾಯಿ ತೆರೆದೆ. ನಾಲ್ಕು ವರ್ಷವಾದರೂ ಬಾಯಿಗೆ ಬುದ್ಧಿ ಬಂದಿಲ್ಲ, ಹೆದರಿದಾಗ ತೆರೆದುಕೊಳ್ಳುತ್ತದೆ. ಏನೂ ಬರಲಿಲ್ಲ. ಅರವತ್ತಮೂರರ ಮನುಷ್ಯ ಹೂವಿನ ಮೇಲೆ ಕಾಲಿಟ್ಟು ಜಾರಿ, ಉರುಳಿ, ಮೆಟ್ಟಿಲ ಅಂಚಿಗೆ ಹಣೆ ಬಡಿದು ಬಿದ್ದದ್ದನ್ನು ನಾನು ಒಂದು ಸದ್ದೂ ಇಲ್ಲದೆ ನೋಡಿದೆ.

ಕೋತಿ ಕೀಬೋರ್ಡು ಎಸೆದು ಓಡಿತು. ಇಬ್ಬರು ಸ್ಥಳೀಯರು ಇವರನ್ನು ಎತ್ತಿಕೊಂಡು ಕೆಳಗಿಳಿಸಿದರು. ಮೊಣಕಾಲಿನ ಕೆಳಗೆ ಮಾಂಸ ಸೀಳಿತ್ತು, ಹಣೆಯಿಂದ ರಕ್ತ. ಕಣ್ಣು ಮುಚ್ಚಿದ್ದವು. ಕರೆಯಲು ನನಗೆ ದನಿಯಿಲ್ಲ, ಕೆನ್ನೆ ತಟ್ಟಿದರೆ ಹೂಂ ಎನ್ನುತ್ತಿದ್ದರು, ಅಷ್ಟೇ. ಆಟೊದವನೊಬ್ಬ ನಮ್ಮನ್ನು ಕೂರಿಸಿಕೊಂಡು, ಕೀಬೋರ್ಡನ್ನು ಒರೆಸಿ ನನ್ನ ಮಡಿಲಿಗೆ ಇಟ್ಟ. ಒಂದು ಮಡಿಕೆಯ ಕೀಲು ಸಡಿಲಾಗಿತ್ತು, ಮೂಲೆಯಲ್ಲಿ ಹಲ್ಲಿನ ಗುರುತು. ನನ್ನ ಮಾತನ್ನು ಉಳಿಸಲು ಹೋಗಿ ಇವರು ಬಿದ್ದರು. ಇದಕ್ಕೆ ಯಾರು ಏನು ಹೇಳಿದರೂ ನನಗೆ ಸಮಾಧಾನ ಆಗುವುದಿಲ್ಲ.

ಆಸ್ಪತ್ರೆ

ಸಣ್ಣ ಆಸ್ಪತ್ರೆ, ಗುಡಿಸಿ ಒರೆಸಿದ ನೆಲ. ಬಿಳಿ ಬಟ್ಟೆಯ, ಬಿಳಿ ಟೊಪ್ಪಿಗೆಯ ನರ್ಸಮ್ಮ ಒಬ್ಬರೇ ಹತ್ತು ಜನರನ್ನು ನೋಡಿಕೊಳ್ಳುತ್ತಿದ್ದರು. ಡಾಕ್ಟರರು ಬಂದು ಗಾಯ ನೋಡಿ, ಏನೋ ಬರೆದು, ಒಳಗಿನ ಕೋಣೆಗೆ ಹೋದರು. ನರ್ಸಮ್ಮ ನನ್ನನ್ನು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಅವಸರದ ಮಾತು, ನನಗೆ ಅರ್ಥವಾದದ್ದು ಮದ್ದು ಎಂಬ ಒಂದೇ ಪದ. ಆಗ ನೆನಪಾಯಿತು. ಪೆನಿಸಿಲಿನ್.

ರಟ್ಟಿನ ಪ್ಯಾಡು ಗುಂಪಿನ ಬಸ್ಸಿನಲ್ಲೇ ಉಳಿದಿತ್ತು. ಮಂಚದ ಮೇಲೆ ಇವರ ತೋಳಿನ ಪಕ್ಕ ಕೀಬೋರ್ಡು ಬಿಚ್ಚಿದೆ, ಸಡಿಲಾದ ಮಡಿಕೆಯ ಕೆಳಗೆ ನನ್ನ ಕರವಸ್ತ್ರ ತುರುಕಿದೆ. ಬೆರಳು ಇಂಗ್ಲಿಷಿನಲ್ಲಿ ಓಡಿದವು. ಎಂದೂ ಅಷ್ಟು ಬೇಗ ಓಡಿರಲಿಲ್ಲ. ಕನ್ನಡದಲ್ಲಿ ಹೇಳುವುದಾದರೆ ನಾನು ಹೊಡೆದದ್ದು ಇದು: ಇವರಿಂದ, ಇಂಡಿ ತಾಲೂಕಿನ ನಿವಾಸಿಯ ಧರ್ಮಪತ್ನಿ. ಇವರಿಗೆ, ಗೌರವಾನ್ವಿತ ವೈದ್ಯಾಧಿಕಾರಿಗಳು. ವಿಷಯ, ನನ್ನ ಪತಿಯ ಚಿಕಿತ್ಸೆಯ ಕುರಿತು. ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ.

ಮೊಬೈಲಿನವಳು ಓದತೊಡಗಿದಳು. ನರ್ಸಮ್ಮ ಗೌರವಾನ್ವಿತ ಎಂಬಲ್ಲಿಯವರೆಗೆ ನಿಂತು ಕೇಳಿದರು, ವಿಷಯ ಎಂಬಲ್ಲಿ ನನ್ನ ಹೆಗಲು ತಟ್ಟಿದರು. ಕಾಗದಪತ್ರದ ಮಾತು ಆಮೇಲೆ ಎಂಬಂತೆ ಹೊರಗಿನ ಕಿಟಕಿ ತೋರಿಸಿ ಒಳಗೆ ಹೋದರು. ಅವರದೇನೂ ತಪ್ಪಿಲ್ಲ. ನಾನು ಹೇಳಿದ್ದು ಹೇಳಬೇಕಾದದ್ದಲ್ಲ.

ಬಂದಾಗ ಅವರ ಕೈಯಲ್ಲಿ ತಟ್ಟೆ ಇತ್ತು. ಸಿರಿಂಜು, ಹತ್ತಿ, ಒಂದು ಪುಟ್ಟ ಸೀಸೆ. ಮೂವತ್ತು ವರ್ಷ ತಲೆಕೆಳಗಾದ ಕಾಗದವನ್ನೂ ಓದಿದ ಕಣ್ಣು ನನ್ನದು. ಸೀಸೆಯ ಮೇಲಿನ ಹೆಸರಿನ ಕೊನೆಯ ಅಕ್ಷರಗಳನ್ನು ಬಾಗಿಲಲ್ಲೇ ಓದಿದೆ. ಸಿಲಿನ್.

ನರ್ಸಮ್ಮನ ಕೈ ಹಿಡಿದುಬಿಡಬೇಕಿತ್ತು ಎಂದು ಈಗ ಎಲ್ಲರೂ ಹೇಳುತ್ತಾರೆ. ಅವರಿಗೆ ಕೈ ಬೇರೆ, ಬಾಯಿ ಬೇರೆ. ನನಗೆ ಕೈಯೇ ಬಾಯಿ. ಕೈ ಹಿಡಿದರೆ ಮಾತಿಲ್ಲ, ಮಾತಾಡಿದರೆ ಹಿಡಿಯಲು ಕೈಯಿಲ್ಲ. ಮೂಕ ಹೆಂಗಸೊಬ್ಬಳು ಕೈ ಹಿಡಿದು ಎಳೆದಾಡಿದರೆ ಗಾಬರಿಯಾಗಿದ್ದಾಳೆಂದು ಹೊರಗೆ ಕೂರಿಸುತ್ತಾರೆ, ಅದನ್ನು ನಮ್ಮೂರಿನಲ್ಲೇ ಉಂಡಿದ್ದೇನೆ. ಎಡ ಮೊಣಕೈಯನ್ನು ಇವರ ತೋಳಿನ ಮೇಲೆ ಊರಿ, ಚುಚ್ಚುವ ಜಾಗ ಮುಚ್ಚಿ, ಹಾಗೆಯೇ ಬಾಗಿ ಕೀಲಿ ಒತ್ತಿದೆ. ಕೀಬೋರ್ಡು ನಿದ್ದೆ ಹೋಗಿತ್ತು. ಚಾರ್ಜು ಉಳಿಸಲು ಅದು ಹಾಗೆ ಮಲಗುತ್ತದೆ. ಮತ್ತೆ ಒತ್ತಿದೆ. ನೀಲಿ ದೀಪ ಮಿಣುಕಿತು, ಮಿಣುಕಿತು. ನರ್ಸಮ್ಮ ಮೆತ್ತಗೆ ನನ್ನ ಮೊಣಕೈ ಸರಿಸಲು ನೋಡಿದರು. ದೀಪ ಮಿಣುಕುವುದು ನಿಂತಿತು, ಮೊಬೈಲಿಗೆ ಕೂಡಿಕೊಂಡಿತು.

ಮಾನ್ಯರೇ ಇಲ್ಲ, ವಿಷಯ ಇಲ್ಲ, ವಿನಂತಿ ಇಲ್ಲ. ಆ ಮದ್ದಿನ ಹೆಸರು, ಆಮೇಲೆ ಇವರನ್ನು ಕೊಲ್ಲುತ್ತದೆ ಎಂಬ ಮಾತು. ಅಷ್ಟೇ ಹೊಡೆದೆ. ನನ್ನ ಬದುಕಿನಲ್ಲಿ ಅಷ್ಟು ಸೊಕ್ಕಿನ ಇಂಗ್ಲಿಷ್ ಬರೆದಿರಲಿಲ್ಲ. ಮೊಬೈಲಿನವಳು ತನ್ನ ಅದೇ ತಣ್ಣನೆಯ ದನಿಯಲ್ಲಿ ಅದನ್ನು ಓದಿದಳು.

ನರ್ಸಮ್ಮನ ಕೈ ಅಲ್ಲೇ ನಿಂತಿತು. ಸೀಸೆ ನೋಡಿದರು, ನನ್ನನ್ನು ನೋಡಿದರು. ತಟ್ಟೆಯನ್ನು ದೂರದ ಮೇಜಿನ ಮೇಲೆ ಇಟ್ಟು ಬಂದು ಮಂಚದ ಮೇಲಿದ್ದ ಕಾಗದದಲ್ಲಿ ಕೆಂಪು ಶಾಯಿಯಿಂದ ದೊಡ್ಡದಾಗಿ ಬರೆದರು. ಆಮೇಲೆ ಸ್ಟೂಲು ಎಳೆದುಕೊಂಡು ನನ್ನ ಎದುರು ಕುಳಿತರು, ಎಲ್ಲ ಬರೆಯಿರಿ ಎಂದು ಕೈಸನ್ನೆ ಮಾಡಿದರು. ನಾನು ಮುದ್ದೇಬಿಹಾಳದಿಂದ ಶುರುಮಾಡಿ ಎಲ್ಲವನ್ನೂ ಬರೆದೆ. ಅವರು ಕೊನೆಯವರೆಗೆ ಕೇಳಿದರು.

ವಸತಿಗೃಹದ ಪಡಸಾಲೆ

ಬೇರೆ ಔಷಧ ಕೊಟ್ಟು, ಹೊಲಿಗೆ ಹಾಕಿ, ಒಂದು ದಿನ ಇಟ್ಟುಕೊಂಡು ಕಳಿಸಿದರು. ಗುಂಪು ಮುಂದಿನ ಊರಿಗೆ ಹೋಯಿತು. ಕಾಂಬಳೆ ಸರ್ ತಾವೂ ಉಳಿಯುತ್ತೇನೆಂದರು, ನಾವೇ ಬೇಡವೆಂದೆವು. ಬೆಳಗಿನ ಬಿಸಿಲಿಗೆ ಅನುರಾಧಪುರದ ವಸತಿಗೃಹದ ಪಡಸಾಲೆಯಲ್ಲಿ ನಾವಿಬ್ಬರೇ ಕುಳಿತಿದ್ದೆವು. ಎದುರಿಗೆ ಸಮುದ್ರದಂಥ ಕೆರೆ, ಎಲ್ಲೆಲ್ಲೂ ಹಸಿರು. ನಮ್ಮ ಕರಿಮಣ್ಣಿನ ಬಯಲಿನಲ್ಲಿ ಹತ್ತು ಹರದಾರಿ ದೂರದಿಂದ ಬರುವವರು ಕಾಣುತ್ತಾರೆ. ಇಲ್ಲಿ ಗಿಡಗಳ ಹಿಂದೆ ಏನಿದೆಯೋ ತಿಳಿಯುವುದಿಲ್ಲ. ಇನ್ನೂ ಮೂರು ದಿನ ಉಳಿದಿದ್ದವು, ನನಗೆ ಒಂದೊಂದೂ ಭಾರವಾಗಿ ಕಂಡಿತು.

ಹಣೆಗೆ ಪಟ್ಟಿ ಕಟ್ಟಿಕೊಂಡ ಇವರು, ಆಸ್ಪತ್ರೆಯಲ್ಲಿ ಏನಾಯಿತು ಎಂದು ಕೇಳಿದರು. ನಾನು ಎಲ್ಲ ಬರೆದು ಹೇಳಿದೆ. ಯಾರಿಗೂ ಹೇಳದೆ ಇದ್ದ ಒಂದು ಮಾತನ್ನೂ ಹೇಳಿದೆ. ಮೊದಲ ಸಲ ಆ ಅರ್ಜಿ ಹೊಡೆಯುವಾಗ ಗೌರವಾನ್ವಿತ ಎಂಬ ಪದದಲ್ಲಿ ಒಂದು ಅಕ್ಷರ ತಪ್ಪಿತ್ತು. ನೀವು ರಕ್ತ ಸುರಿಸುತ್ತ ಮಲಗಿದ್ದಿರಿ. ನಾನು ನಾಲ್ಕು ಅಕ್ಷರ ಹಿಂದಕ್ಕೆ ಹೋಗಿ, ಅಳಿಸಿ, ತಿದ್ದಿ ಮುಂದೆ ಹೋದೆ. ಅದನ್ನು ನೆನೆದರೆ ನನಗೆ ನನ್ನದೇ ಭಯವಾಗುತ್ತದೆ ಎಂದು ಬರೆದೆ.

ಮೊಬೈಲಿನವಳು ಓದಿ ಮುಗಿಸಿದಳು. ಇವರು ಹಣೆಯ ಪಟ್ಟಿ ಸರಿಮಾಡಿಕೊಂಡರು.

"ತಿದ್ದಿದ್ದು ಛಲೋ ಆತು," ಅಂದರು. "ತಪ್ಪು ಹಂಗ ಇದ್ದಿದ್ದರ ನೀ ಅದರ ಮುಂದ ಹೋಗವಳೇ ಅಲ್ಲ."

ಆಮೇಲೆ ಕೀಬೋರ್ಡು ತಮ್ಮ ಕಡೆ ಎಳೆದುಕೊಂಡರು. ಇವರಿಗೆ ಬಾಯಿ ನೆಟ್ಟಗಿದೆ, ಈ ನಾಲ್ಕು ವರ್ಷದಲ್ಲಿ ಇದನ್ನು ಒರೆಸಿದ್ದಾರೆ, ಚಾರ್ಜು ಮಾಡಿದ್ದಾರೆ, ಒಮ್ಮೆಯೂ ಹೊಡೆದಿಲ್ಲ. ಸ್ಪಾನರು ಹಿಡಿದು ದಪ್ಪಗಾದ ಒಂದೇ ಬೆರಳಿನಿಂದ ಅಂಟಿಸಿದ ಅಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತತೊಡಗಿದರು. ನಡುವೆ ಎರಡು ಸಲ ಅದು ನಿದ್ದೆ ಹೋಯಿತು. ಏನಾದರೂ ಆಗಿದೆಯೇ, ತಲೆಗೆ ಪೆಟ್ಟು ಬಿದ್ದು ಮಾತು ನಿಂತಿತೇ ಎಂದು ಬಗ್ಗಿ ಇವರ ಮುಖ ನೋಡಿದೆ. ಕೊನೆಗೆ ಓದುವ ಗುಂಡಿ ಯಾವುದೆಂದು ಕಣ್ಣಲ್ಲೇ ಕೇಳಿದರು. ತೋರಿಸಿದೆ.

"ನಿನ್ನ ಆಪರೇಷನ್ ದಿನ ದವಾಖಾನಿ ಹಿಂದ ಹೋಗಿ ಅತ್ತೇನಿ," ಎಂದು ಓದಿದಳು ಮೊಬೈಲಿನವಳು. "ಈಗೂ ದಿನಾ ನೀ ಮಲಗಿದ ಮ್ಯಾಲೆ ಉಸುರು ಐತೇನಂತ ಕೊರಳ ಹತ್ತರ ಕೈ ಹಿಡದು ನೋಡತೇನಿ. ಬಾಯಿಲೆ ಹೇಳಾಕ ಆಗಲಿಲ್ಲ."

ಉತ್ತರ ಬರೆಯಲು ನಾನು ಕೈ ಚಾಚಿದೆ. ಇವರು ಕೀಬೋರ್ಡು ಕೊಡಲಿಲ್ಲ. ಇನ್ನೂ ಮುಗಿದಿಲ್ಲ ಎಂಬಂತೆ ಬೆರಳೆತ್ತಿ ತಡೆದು, ಮುಂದಿನ ಅಕ್ಷರ ಹುಡುಕತೊಡಗಿದರು.